ವಾಸನಿ ಬರ್ತೈತಿ

ಜೂನ್ ೧, ರವಿವಾರ

ಕಾಲೋನಿ ಸಂಘದ ಸಭೆಯಿಂದ ಬಂದು ಅರ್ಧ ತಾಸಾಯಿತು. ಸಿಟ್ಟು ಬಂದಿದೆ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಸಿಟ್ಟಲ್ಲ, ಬೇಸರ ಇರಬಹುದು. ಇವೆರಡರ ನಡುವಿನ ಗೆರೆ ನನಗೆ ಎಂದೂ ಸರಿಯಾಗಿ ಕಂಡಿಲ್ಲ.

ನಮ್ಮ ಬೈರಿದೇವರಕೊಪ್ಪದ ಕಾಲೋನಿಯ ಹಿಂದಿನ ಗಲ್ಲಿಯಲ್ಲಿ, ಮೊದಲು ಚುರುಮುರಿ ಭಟ್ಟಿ ಇದ್ದ ಜಾಗದಲ್ಲಿ, ಹೋದ ವರ್ಷದಿಂದ ಒಂದು ಸಣ್ಣ ಬ್ರೂವರಿ ನಡೆದಿದೆ. ಬಿಯರನ್ನು ಅಲ್ಲೇ ಕುದಿಸಿ, ಅಲ್ಲೇ ಮಾಗಿಸಿ, ಅಲ್ಲೇ ಮೇಜಿಗೆ ತಂದು ಕೊಡುತ್ತಾರಂತೆ. 'ಹದ' ಎಂದು ಹೆಸರು. ಅದರ ಲೈಸೆನ್ಸು ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತದೆ, ಹೊಸದು ಸಿಗದ ಹಾಗೆ ಮಾಡಬೇಕು, ಅದಕ್ಕೆ ಅರ್ಜಿ ಬರೆಯಬೇಕು. ಬರೆಯುವವಳು ನಾನು.

"ಮೇಡಮ್ಮಾರ, ಇಂಗ್ಲೀಷಿನ್ಯಾಗ ಬರೀರಿ ಮತ್ತ," ಎಂದರು ಸಂಘದ ಅಧ್ಯಕ್ಷರಾದ ಸಿದ್ದಲಿಂಗಪ್ಪ ಕಾಕಾ. "ಕನ್ನಡದಾಗ ಕೊಟ್ರ ಕಚೇರ್ಯಾಗ ಅದನ್ನ ಚಾದ ಕಪ್ಪಿನ ಬುಡಕ ಇಡ್ತಾರ."

"ಏನಂತ ಬರೀಲಿ ಕಾಕಾರ? ಅವರು ತಪ್ಪೇನ ಮಾಡ್ಯಾರ?"

"ತಪ್ಪಾ? ಹೆಣ್ಮಕ್ಕಳು ಕುಂತು ಕುಡೀತಾರ್ರೀ ಅಲ್ಲಿ! ಅದೂ ದೊಡ್ಡ ಗ್ಲಾಸಿನ ಕಿಡಕಿ ಇಟ್ಟಾರ. ರಸ್ತೇಕ್ಕ ಕಾಣ್ತೈತಿ."

"ಅದು ಅಪರಾಧ ಅಲ್ಲಲ್ರಿ."

"ಅದಕ್ಕ ನಿಮಗ ಹೇಳಾಕತ್ತೇನಿ. ಅಪರಾಧ ಆಗೂ ಅಂಥಾದ್ದು ಏನರೇ ಹುಡುಕ್ರಿ."

ಎಲ್ಲರೂ ನಕ್ಕರು. ನಮ್ಮ ಮನೆಯವರು ಹನಮೇಶರೂ ನಕ್ಕರು. "ಬರೀತಾಳ ಬಿಡ್ರಿ ಕಾಕಾ, ಆಕೀಗೆ ಅದೇನ ದೊಡ್ಡದು," ಎಂದರು. ಜುಲೈನಲ್ಲಿ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ಅವರ ಹೆಸರು ಇದೆ.

ದೊಡ್ಡದಲ್ಲ ನಿಜ. ಹದಿನೆಂಟು ವರ್ಷದಿಂದ ಖಾಸಗಿ ಆಸ್ಪತ್ರೆಯಲ್ಲಿ ವಿಮೆಯ ಕಾಗದ ಸಿದ್ಧಮಾಡುವುದೇ ನನ್ನ ಕೆಲಸ. ರೋಗಿ "ಹೊಟ್ಟ್ಯಾಗ ಹಿಂಡಿದಂಗ ಆಗ್ತದ್ರೀ" ಅನ್ನುತ್ತಾನೆ. ನಾನು ಅದನ್ನು ವಿಮೆ ಕಂಪನಿ ಒಪ್ಪುವ ನಾಲ್ಕು ಇಂಗ್ಲಿಷ್ ಶಬ್ದ ಮಾಡುತ್ತೇನೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಅಷ್ಟಕ್ಕಾದರೂ ಬಂತು.

ಕೇಳಿ, ನೋಡಿ ಆಮೇಲೆ ಬರೆಯುತ್ತೇನೆ ಎಂದು ಹೇಳಿ ಎದ್ದೆ. ದನಿ ಮೆತ್ತಗಿತ್ತು ಅಂತ ಕಾಣುತ್ತದೆ. ಎಲ್ಲರೂ ಅದನ್ನು ಒಪ್ಪಿಗೆ ಅಂದುಕೊಂಡರು.

ಜೂನ್ ೪, ಬುಧವಾರ

ಕೆಲಸ ಮುಗಿಸಿ ತಾಜಬಿಯವರ ಮನೆಗೆ ಹೋಗಿದ್ದೆ. ಬ್ರೂವರಿಗೂ ಅವರ ಮನೆಗೂ ಒಂದೇ ಗೋಡೆ. ಕಾಲೋನಿಯ ಅರ್ಧ ಹೆಂಗಸರ ಜಂಪರು ಅವರ ಹೊಲಿಗೆಯೇ. ಶನಿವಾರ ಬಕ್ರೀದ್ ಇರುವುದರಿಂದ ಕೋಣೆ ತುಂಬ ಬಟ್ಟೆ ಬಿದ್ದಿತ್ತು. ಬಟ್ಟೆಗೆ ಚುಚ್ಚುವ ಟಾಚಣಿ ಬಾಯಲ್ಲಿ ಕಚ್ಚಿಕೊಂಡೇ ಮಾತಾಡಿದರು.

"ತಾಜಬಿಯವ್ರ, ಹಿಂದಿನ ಬ್ರೂವರಿಯಿಂದ ತ್ರಾಸ ಏನರೇ ಅದ ಏನ್ರಿ? ವಾಸನಿ ಅದು ಇದು?"

"ವಾಸನಿ ಬರ್ತೈತ್ರಿ ಅಕ್ಕಾರ. ಮಂಗಳವಾರ, ಶುಕ್ರವಾರ ತಪ್ಪಂಗಿಲ್ಲ. ಕಿಡಕಿ ತಗದ್ರ ಸಾಕು, ಮನಿ ತುಂಬ ಆಗ್ತೈತಿ."

ಮತ್ತೇನೋ ಹೇಳಲು ಟಾಚಣಿ ತೆಗೆದು ಅಂಗೈಗೆ ಹಾಕಿಕೊಂಡರು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ಬರುತ್ತೇನೆ ಎಂದು ಕೈಸನ್ನೆ ಮಾಡಿ ಹೊರಬಿದ್ದೆ. ನನಗೆ ಬೇಕಾದದ್ದು ಸಿಕ್ಕಿತ್ತು.

ಅರ್ಜಿ ಮುಗಿಸಿದೆ. ಒಂದೂವರೆ ಪುಟ. 'ಫೌಲ್ ಅಂಡ್ ನಾಸಿಯೇಟಿಂಗ್ ಸ್ಮೆಲ್' ಎಂದು ಬರೆದೆ. ಮನೆಯಲ್ಲೇ ಕೂತು ದುಡಿಯುವ ಹೆಣ್ಣುಮಕ್ಕಳಿಗೆ ಅದರಿಂದ ವಿಶೇಷ ಹಿಂಸೆ ಎಂದೂ ಸೇರಿಸಿದೆ. ಆ ವಾಕ್ಯ ಬಹಳ ಚೆನ್ನಾಗಿ ಕೂತಿದೆ. ಕೆಟ್ಟ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದೆನೇ ಎಂಬ ಸಣ್ಣ ಅನುಮಾನ ಬಂತು. ಆದರೆ ವಾಸನೆ ಬರುವುದಂತೂ ನಿಜ ತಾನೇ?

ಜೂನ್ ೮, ರವಿವಾರ

ಮೂವತ್ತೆರಡು ಸಹಿ ಆಗಿವೆ. ಮೊದಲನೆಯದು ನನ್ನದು. ನಾಳೆ ಅಬಕಾರಿ ಕಚೇರಿಗೆ ಕೊಡುತ್ತಾರೆ.

ಸಂಜೆ ಏಳಕ್ಕೆ ಕಾಕಾ ನಮ್ಮ ಮಾಳಿಗೆಗೆ ಬಂದರು. ತಿಂಗಳಿಗೆ ಎರಡು ರವಿವಾರ ಬರುತ್ತಾರೆ. ಅವರೂ ನಮ್ಮ ಮನೆಯವರೂ ವಿಸ್ಕಿಯನ್ನು ಸ್ಟೀಲ್ ಲೋಟದಲ್ಲೇ ಕುಡಿಯುತ್ತಾರೆ. ಎದುರಿನ ಮನೆಯವರಿಗೆ ಮಜ್ಜಿಗೆ ಅನ್ನಿಸಲಿ ಎಂದು. ಈ ಮನೆ ಕಟ್ಟಿ ಹದಿನಾರು ವರ್ಷವಾಯಿತು. ಹದಿನಾರು ವರ್ಷದಿಂದ ಎದುರಿನ ಮನೆಯವರು ನಾವು ಬಹಳ ಮಜ್ಜಿಗೆ ಕುಡಿಯುವ ಜನ ಅಂದುಕೊಂಡಿದ್ದಾರೆ.

ಶೇಂಗಾ ಹುರಿದು ಮೇಲೆ ಒಯ್ದೆ.

"ಮೇಡಮ್ಮಾರ, ನಿಮ್ಮ ಆ ನಾಸೇಟಿಂಗೋ ಏನೋ, ಭಾಳ ಛಲೋ ಬಿದ್ದೈತಿ," ಎಂದರು ಕಾಕಾ. "ಅರ್ಥ ಏನ್ರಿ ಅದರದು?"

"ವಾಕರಿಕಿ ಬರೂವಂಥಾದ್ದು."

"ಹಾಂ! ವಾಕರಿಕಿ!" ಒಂದು ಗುಟುಕು ಹಾಕಿ ಬಾಯಿ ಒರೆಸಿಕೊಂಡರು. "ಖರೇನ ವಾಕರಿಕಿ ಬರ್ತೈತಿ ನೋಡ್ರಿ ಆ ಹೆಣ್ಮಕ್ಕಳನ್ನ ನೋಡಿದ್ರ."

ನಮ್ಮ ಮನೆಯವರು ಲೋಟ ನನ್ನ ಕೈಗೆ ಕೊಟ್ಟು, "ಸ್ವಲ್ಪ ಐಸ್," ಎಂದರು.

ಐಸ್ ಕೊಟ್ಟೆ. ಆಮೇಲೆ ಲೋಟ ತೊಳೆದೆ. ಎಂದಿನಂತೆ ಸಾಬೂನು ಎರಡು ಸಲ ಹಚ್ಚಿದೆ. ಇದು ಬೇಸರ ಅಲ್ಲ ಎಂದು ಅನ್ನಿಸುತ್ತಿದೆ.

ಜೂನ್ ೧೦, ಮಂಗಳವಾರ

ಅರ್ಧ ದಿನ ರಜೆ ಹಾಕಿ ಬ್ರೂವರಿಗೆ ಹೋದೆ. ಅರ್ಜಿಯಲ್ಲಿ ಬರೆದದ್ದು ಸರಿಯೋ ತಪ್ಪೋ ನೋಡಲು ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಜಿ ನಿನ್ನೆಯೇ ಹೋಗಿದೆ. ಇವತ್ತು ನೋಡಿ ಏನು ಮಾಡುವುದಿತ್ತು? ಸ್ಟೀಲ್ ಲೋಟದ ಮೇಲಿನ ಹಟಕ್ಕೆ ಹೋದೆ ಎಂದು ಬರೆದರೆ ಹೆಚ್ಚು ಸರಿಯಾದೀತು.

ಮಧ್ಯಾಹ್ನ ಮೂರೂವರೆ. ಒಳಗೆ ಯಾರೂ ಇರಲಿಲ್ಲ. ಭಟ್ಟಿಯ ಕಾಲದ ಮಸಿ ಹಿಡಿದ ಗೋಡೆಯನ್ನು ಹಾಗೇ ಬಿಟ್ಟಿದ್ದಾರೆ. ಇಪ್ಪತ್ತು ವರ್ಷ ಇಲ್ಲಿ ಹಳೆ ಟಾಯರು ಸುಟ್ಟು ಚುರುಮುರಿ ಹುರಿದರು. ಒಣಹಾಕಿದ ಬಟ್ಟೆಯ ಮೇಲೆ ಕರೀ ಎಳೆ ಬೀಳುತ್ತಿತ್ತು. ಆಗ ಯಾರೂ ನನ್ನಿಂದ ಅರ್ಜಿ ಬರೆಸಲಿಲ್ಲ.

ಹಿಂದಿನ ಬಾಗಿಲಿನಿಂದ ಗಮ್‌ಬೂಟು ಹಾಕಿದ ಹುಡುಗಿಯೊಬ್ಬಳು ಮುಖ ಒರೆಸಿಕೊಳ್ಳುತ್ತ ಬಂದಳು. ಹುಡುಗಿ ಅಂದರೆ ಮೂವತ್ತರ ಆಚೆಯೇ. ಸೃಷ್ಟಿ ಎಂದು ಹೆಸರು. ಗರಗದವಳು, ಪುಣೆಯಲ್ಲಿ ಈ ಕೆಲಸ ಕಲಿತು ಬಂದವಳು. ಬ್ರೂವರಿ ಅವಳದೇ, ಕುದಿಸುವವಳೂ ಅವಳೇ. ಇಲ್ಲಿ ಒಬ್ಬ ಗಂಡಸು ಮಾಲೀಕ ಇರುತ್ತಾನೆ ಎಂದು ನಾನು ಯಾಕೆ ಅಂದುಕೊಂಡಿದ್ದೆ?

"ಮೇಡಮ್, ಇದ ಮೊದಲ ಸಲಾ ಏನ್ರಿ?"

"ಬಿಯರ್‌ದು ಹೌದು," ಎಂದೆ. ವಿಸ್ಕಿಯನ್ನು ಒಮ್ಮೆ ಕದ್ದು ನೆಕ್ಕಿ ನೋಡಿದ್ದನ್ನು ಹೇಳಲಿಲ್ಲ.

"ಹಂಗಾರ ಇಡೀ ಗ್ಲಾಸ್ ಬ್ಯಾಡ. ರುಚಿ ನೋಡ್ರಿ ಸಾಕು."

ಹಲಗೆಯೊಂದರ ಮೇಲೆ ನಾಲ್ಕು ಪುಟ್ಟ ಗ್ಲಾಸು ತಂದಿಟ್ಟು ಎದುರಿಗೇ ಕೂತಳು. "ಮೊದಲ ಮೂಸ್ರಿ. ಆಮ್ಯಾಲ ಕುಡೀರಿ. ಏನ ಅನಸ್ತೈತಿ ಹೇಳ್ರಿ, ಇಲ್ಲಿ ಪರೀಕ್ಷಾ ಏನಿಲ್ಲ."

ಮೊದಲನೆಯದು ಗೋಧಿಯದು, ಮಬ್ಬು ಹಳದಿ. ಮೂಸಿದೆ. ಮಾಗಿದ ಬಾಳೆಹಣ್ಣು, ಲವಂಗ. ಸತ್ಯನಾರಾಯಣ ಪೂಜೆಯ ಪ್ರಸಾದ! ಹಾಗೆ ಅನ್ನಿಸಿದ್ದಕ್ಕೆ ನನಗೇ ಗಾಬರಿಯಾಗಿ ಸುಮ್ಮನಾದೆ. ಅವಳು ಬಿಡಲಿಲ್ಲ. ಹೇಳಿದಾಗ ಚಪ್ಪಾಳೆ ಹೊಡೆದು ನಕ್ಕಳು. "ನಮ್ಮವ್ವನೂ ಇದನ್ನ ಅಂದ್ಲ್ರಿ! ಆಮ್ಯಾಲ ಪಾಪ ಬರ್ತೈತಿ ಅಂತ ಗಲ್ಲ ಬಡಕೊಂಡ್ಲು."

ಎರಡನೆಯದು ಬಹಳ ಕಹಿ. ಹಾಗಲಕಾಯಿಯ ಕಹಿ ಅಲ್ಲ, ಗಜನಿಂಬೆಯ ಸಿಪ್ಪೆ ಕಚ್ಚಿದಾಗ ಬರುವಂಥದ್ದು. ನುಂಗಿದ ಮೇಲೂ ನಾಲಿಗೆಯ ಬುಡದಲ್ಲಿ ಕೂತಿತ್ತು. ಬೇಡವಾಗಿತ್ತು, ಆದರೂ ಇನ್ನೊಂದು ಗುಟುಕು ತೆಗೆದುಕೊಂಡೆ. ಮೂರನೆಯದು ಕಪ್ಪು, ಮೇಲೆ ಕಂದು ನೊರೆ. ಹಂಚಿಗೆ ಹತ್ತಿದ ರೊಟ್ಟಿಯ ಚೂರು, ತುಸು ಸುಟ್ಟ ಬೆಲ್ಲ. ಅದು ನನಗೆ ಇಷ್ಟವಾಯಿತು. ಬರೆದೇಬಿಡುತ್ತೇನೆ, ಬಹಳ ಇಷ್ಟವಾಯಿತು.

ನಾಲ್ಕನೆಯದು ಜೋಳದ್ದು. ತೆಳ್ಳಗೆ, ಸ್ವಲ್ಪ ಹುಳಿ, ಆಮೇಲೆ ಕುಡಿದಾಗ ಗೊತ್ತಾದದ್ದು. ಅದನ್ನು ಮೂಸುವ ಮೊದಲೇ ಅವಳು ಎದ್ದಳು. "ತಡೀರಿ, ಇದು ಇಲ್ಲಿ ಬ್ಯಾಡ. ಒಳಗ ಬರ್ರಿ. ಇವತ್ತ ಜ್ವಾಳಾ ಕುದಿಸೇನಿ. ಮುಂಜಾನಿಂದ ವಾಸನಿ ಎಷ್ಟ ಛಲೋ ಬರಾಕತ್ತೈತಿ ಅಂದ್ರ!"

ಒಳಗೆ ನನ್ನನ್ನೂ ಮೆಟ್ಟಿಲು ಹತ್ತಿಸಿ, ಎರಡಾಳು ಎತ್ತರದ ಪಾತ್ರೆಯ ಮುಚ್ಚಳ ತೆರೆದಳು. ಬಿಸಿ ಹಬೆ ಮುಖಕ್ಕೆ ಬಡಿಯಿತು. ಜೋಳದ ನುಚ್ಚು ಬೇಯುವ ವಾಸನೆ. ಅಷ್ಟೇ. ಅಡುಗೆಮನೆಯ ವಾಸನೆ.

"ವಾಸನಿ ಛಲೋ ಅದ," ಎಂದೆ. ಹೇಳಿದ ಮೇಲೆ ಕಿವಿಗೆ ಬಿತ್ತು. ವಾಸನಿ. ಛಲೋ. ಈ ಎರಡು ಶಬ್ದ ನಮ್ಮಲ್ಲಿ ಕೂಡಿಯೇ ಬರುತ್ತವೆ. ಮಲ್ಲಿಗೆಯ ವಾಸನಿ, ಒಗ್ಗರಣೆಯ ವಾಸನಿ, ಹೊಸ ಪುಸ್ತಕದ ವಾಸನಿ. ತಾಜಬಿ ವಾಸನಿ ಬರುತ್ತದೆ ಅಂದಿದ್ದರು. ಕೆಟ್ಟ ವಾಸನಿ ಅಂದಿರಲಿಲ್ಲ. ಆ 'ಫೌಲ್' ಎಲ್ಲಿಂದ ಬಂತು?

ಹೊರಡುವಾಗ ಅವಳು ಅಭಿಪ್ರಾಯದ ಪುಸ್ತಕ ಮುಂದಿಟ್ಟಳು. ಇಲ್ಲಿಯ ಪರಿಮಳ ಮನೆಯ ಅಡುಗೆಯನ್ನು ನೆನಪಿಸುತ್ತದೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಸಹಿ ಹಾಕಿದೆ. ಕಾಗದ ಮುಂದೆ ಬಂದರೆ ಸಹಿ ಹಾಕುವುದು ನನಗೆ ಚಟವಾಗಿದೆ.

ಜೂನ್ ೧೧, ಬುಧವಾರ

ಕಾರಹುಣ್ಣಿಮೆ. ಹೋಳಿಗೆ ಕೊಡುವ ನೆಪದಲ್ಲಿ ತಾಜಬಿಯವರ ಹತ್ತಿರ ಹೋಗಿ, ಅವತ್ತು ಮತ್ತೇನು ಹೇಳುವವರಿದ್ದಿರಿ ಎಂದು ಕೇಳಿದೆ.

"ಅದಾ? ಆ ವಾಸನಿ ಬಂದಾಗೊಮ್ಮೆ ನಮ್ಮವ್ವನ ನೆನಪಾಗ್ತೈತ್ರಿ ಅಕ್ಕಾರ. ಆಕಿ ನಸುಕಿನ್ಯಾಗ ನುಚ್ಚಿಗೆ ಎಸರಿಟ್ಟಾಗ ಹಿಂಗ ಬರ್ತಿತ್ತು. ಅಂತ ಹೇಳಾಕ ಹೊಂಟಿದ್ನಿ, ನೀವು ಫೋನ್ ಹಿಡಕೊಂಡು ಓಡಿದ್ರಿ."

ಹೋಳಿಗೆಯ ಡಬ್ಬಿ ಅಲ್ಲೇ ಮರೆತು ಬಂದೆ.

ಜೂನ್ ೧೩, ಶುಕ್ರವಾರ

ಎರಡು ದಿನ ಯೋಚಿಸಿ ಹನಮೇಶರಿಗೆ ಹೇಳಿದೆ. ಅರ್ಜಿ ವಾಪಸ್ ತಗೋಬೇಕು, ನಾನು ಬರೆದದ್ದು ತಪ್ಪು ಎಂದೆ.

"ಒಂದ ಶಬ್ದಕ್ಕ ಇಷ್ಟ ಯಾಕ ತಲಿ ಕೆಡಸ್ಕೋತಿ? ವಾಸನಿ ಅಂದ್ರ ವಾಸನಿ."

"ಮಲ್ಲಿಗಿಗೂ ವಾಸನಿ ಅಂತೇವಿ."

"ಬಿಯರೂ ಮಲ್ಲಿಗಿನೂ ಒಂದ ಏನು?"

"ಬಿಯರ್ ಬ್ಯಾಡ. ನಿಮ್ಮ ಸ್ಟೀಲ್ ಲೋಟಕ್ಕ ಏನನ್ನೂಣು?"

ಪೇಪರು ಮಡಚಿಟ್ಟರು. "ಅದು ಮನಿ ಒಳಗಿಂದು, ಗೀತಾ. ಮನಿ ಒಳಗಿಂದು ಬ್ಯಾರೆ."

ಏನು ಬೇರೆ? ತೊಳೆಯುವವಳು ನಾನು ಎಂಬುದೊಂದೇ ಬೇರೆ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತೇ? ಹೇಳಿದ್ದರೆ ಮಾತು ಲೋಟದ ಕಡೆ ಹೋಗಿ ಅರ್ಜಿ ಉಳಿದುಬಿಡುತ್ತಿತ್ತು ಎಂದು ಸಮಾಧಾನ ಹೇಳಿಕೊಂಡೆ. ಇಂಥ ಸಮಾಧಾನಗಳಿಗೆ ನನ್ನಲ್ಲಿ ಬರವಿಲ್ಲ.

ಕಾಕಾರ ಮನೆಗೂ ಹೋದೆ. "ಮೇಡಮ್ಮಾರ, ಬಿಟ್ಟ ಬಾಣ ಬತ್ತಳಿಕಿಗೆ ಹೊಳ್ಳಿ ಬರ್ತೈತೇನ್ರಿ?" ಎಂದು ನಕ್ಕು, ಹೆಂಡತಿಯನ್ನು ಕರೆದು ನನಗೆ ಚಹಾ ಮಾಡಿಸಿದರು. ಕುಡಿದು ಬಂದೆ. ಅದಕ್ಕೆ ನನ್ನ ಮೇಲೇ ಸಿಟ್ಟು.

ಜೂನ್ ೧೯, ಗುರುವಾರ

ಸೃಷ್ಟಿ ಆಸ್ಪತ್ರೆಗೇ ಬಂದಳು. ವಿಮೆಯ ಕೌಂಟರಿನ ಮುಂದೆ ಸರದಿಯಲ್ಲಿ ನಿಂತಿದ್ದಳು. ರೋಗಿಯ ಕಡೆಯವಳು ಅಂದುಕೊಂಡು ಕೈ ಚಾಚಿದೆ. ಎರಡು ಕಾಗದ ಇಟ್ಟಳು. ಒಂದು, ಅವಳಿಗೆ ಬಂದ ನೋಟಿಸಿನ ಜೊತೆಗಿದ್ದ ನಮ್ಮ ಅರ್ಜಿಯ ನಕಲು. ಇನ್ನೊಂದು, ಅಭಿಪ್ರಾಯದ ಪುಸ್ತಕದಿಂದ ಹರಿದ ಹಾಳೆ.

"ಸಹಿ ಎರಡೂ ನಿಮ್ಮವ ಹೌದಲ್ಲ್ರಿ?"

"ಹೌದು."

"ಸೋಮವಾರ ವಾಕರಿಕಿ, ಮಂಗಳವಾರ ಮನಿ ಅಡಗಿ. ಮೂಗು ಒಂದ ಐತೋ, ದಿನಕ್ಕೊಂದ ಬದಲಿ ಮಾಡ್ತೀರೋ?"

ಹಿಂದೆ ನಿಂತವರೊಬ್ಬರು ನಕ್ಕರು. ಮೊದಲು ಬರೆದೆ, ಆಮೇಲೆ ಬಂದೆ, ತಪ್ಪು ತಿಳಿಯಿತು ಎಂದೆ. ಅವಳು ಕಾಗದ ಮಡಚಿಕೊಂಡಳು.

"ಮೇಡಮ್, ಮೂವತ್ತನೇ ತಾರೀಖಿನೊಳಗ ಈ ಕಂಪ್ಲೇಂಟ್ ಬಗೀಹರೀಬೇಕು. ಹರೀಲಿಲ್ಲಂದ್ರ ಹೊಸಾ ಲೈಸನ್ಸ್ ಇಲ್ಲ. ಲೈಸನ್ಸ್ ಇಲ್ದ ಒಂದ ಹನಿ ಇಟ್ಕೊಳ್ಳಾಕ ಬರಂಗಿಲ್ಲ. ಟ್ಯಾಂಕಿನ್ಯಾಗಿಂದೆಲ್ಲಾ ಗಟಾರಕ್ಕ. ಅಷ್ಟ ನಿಮಗ ಗೊತ್ತಿರ್ಲಿ ಅಂತ ಬಂದೆ." ಹೋಗುವ ಮೊದಲು ಹಿಂದಿನವರಿಗೆ, "ಬರ್ರಿ, ನಿಮ್ಮ ಪಾಳೆ," ಎಂದಳು.

ನನಗೆ ಅವಳ ಮೇಲೆ ಸಿಟ್ಟು ಬಂತು. ಎಲ್ಲರ ಮುಂದೆ ಹಾಗೆ ಅನ್ನಬಹುದೇ? ಮನೆ ಮುಟ್ಟುವವರೆಗೂ ಅದೇ ಸಿಟ್ಟು ಇತ್ತು. ಚಪ್ಪಲಿ ಬಿಡುವಾಗ ಇರಲಿಲ್ಲ.

ಜೂನ್ ೨೪, ಮಂಗಳವಾರ

ಶುಕ್ರವಾರ ಅಧಿಕಾರಿಗಳು ಜಾಗ ನೋಡಲು ಬರುತ್ತಾರೆ. ಗೋಡೆಯಾಚೆಯವರೇ ಬಂದು ಒಂದು ಮಾತು ಹೇಳಿದರೆ ಮುಗಿಯಿತು ಎಂದು ತಾಜಬಿಯವರ ಹತ್ತಿರ ಹೋದೆ. ಅರ್ಜಿಯಲ್ಲಿ ಏನಿದೆ ಎಂದು ಕನ್ನಡದಲ್ಲಿ ಹೇಳಿದೆ. ಹೊಲಿಗೆ ಯಂತ್ರ ನಿಂತಿತು.

"ವಾಕರಿಕಿ ಅಂತ ನಾ ಯಾವಾಗ ಅಂದ್ನಿ?"

"ಅನ್ಲಿಲ್ರಿ. ಅದು ನನ್ನ ತಪ್ಪು. ಅದಕ್ಕ ನೀವು ಬಂದು ನುಚ್ಚಿನ ಮಾತ ಹೇಳಿದ್ರ..."

"ಅಕ್ಕಾರ," ತಾಜಬಿ ದನಿ ಏರಿಸಲಿಲ್ಲ, "ಬಿಯರ್ ಕುದಿಯೂ ವಾಸನಿ ನನಗ ಭಾಳ ಸೇರ್ತೈತಿ ಅಂತ ನಾಕ ಮಂದ್ಯಾಗ ನಿಂತು ಹೇಳ್ಳೇನು? ನಮ್ಮ ಮಗಳು ಮುಸರತನ್ನ ಅಳಿಯಾ ಮನ್ಯಾಗ ಇಟ್ಕೋತಾನೇನ್ರಿ? ಅವತ್ತ ಇಂಗ್ಲೀಷಿನ್ಯಾಗ ನನ್ನ ಬಾಯಾಗ ಒಂದ ಮಾತ ಇಟ್ರಿ. ಇವತ್ತ ಕನ್ನಡದಾಗ ಇನ್ನೊಂದ ಇಡಾಕ ಬಂದೀರಿ."

ಹೋಳಿಗೆಯ ಡಬ್ಬಿ ತೊಳೆದು ಇಟ್ಟಿದ್ದರು. ಕೈಗೆ ಕೊಟ್ಟರು.

ಅವರು ಹೇಳಿದ್ದು ಸರಿ. ಸರಿ ಇದ್ದದ್ದಕ್ಕೇ ಮೈ ಉರಿಯುತ್ತಿದೆ. ಎಲ್ಲರ ಮಾತನ್ನೂ ಬರೆದು ಬರೆದು, ನನ್ನ ಮಾತೂ ಬೇರೆಯವರೇ ಹೇಳಲಿ ಅನ್ನುವಷ್ಟಕ್ಕೆ ಬಂದಿದ್ದೇನೆ.

ಜೂನ್ ೨೭, ಶುಕ್ರವಾರ

ಬರೆಯಬೇಕು.

ಬೆಳಿಗ್ಗೆ ಹತ್ತಕ್ಕೆ ಅಧಿಕಾರಿ ಬಂದರು. ಬ್ರೂವರಿಯ ಮುಂದೆ ಕಾಲೋನಿಯ ನಲವತ್ತು ಮಂದಿ. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅವರ ಬಗಲಿಗೆ ಹನಮೇಶ. ಸೃಷ್ಟಿ ಬಾಗಿಲಲ್ಲಿ ಗಮ್‌ಬೂಟಿನಲ್ಲೇ ನಿಂತಿದ್ದಳು. ಶುಕ್ರವಾರ, ಒಳಗೆ ಜೋಳ ಕುದಿಯುತ್ತಿತ್ತು. ನಿಲ್ಲಿಸಿರಲಿಲ್ಲ ಅವಳು. ಬರಲಿ, ಮೂಸಲಿ ಎಂದು ಬಿಟ್ಟಿರಬೇಕು.

"ಅರ್ಜಿ ಬರೆದವರು ಯಾರು?"

ಕಾಕಾ ನನ್ನತ್ತ ಕೈ ಮಾಡಿದರು, ಮದುವೆಯಲ್ಲಿ ಬೀಗರನ್ನು ತೋರಿಸುವ ಹಾಗೆ.

ನಾನು ಕನ್ನಡದಲ್ಲಿ ಬರೆದ ಕಾಗದ ಕೊಟ್ಟೆ. ನಿನ್ನೆ ಮೂರು ಸಲ ತಿದ್ದಿ ಬರೆದದ್ದು. ಒಂಬತ್ತು ಸಾಲಿಗೆ ಮೂರು ತಾಸು ಹಿಡಿಯಿತು. ಅಧಿಕಾರಿ ಗಟ್ಟಿಯಾಗಿ ಓದಿದರು. ಕೆಟ್ಟ ವಾಸನೆ ಎಂದು ಯಾರೂ ನನಗೆ ಹೇಳಿಲ್ಲ. ಆ ಶಬ್ದ ನನ್ನದು. ಬರೆಯುವ ಮೊದಲು ನಾನು ಇಲ್ಲಿಗೆ ಬಂದು ನೋಡಿರಲಿಲ್ಲ. ಗುಂಪಿನಲ್ಲಿ ಗುಜುಗುಜು ಎದ್ದಿತು.

"ಹಂಗಾರ ಇದು ಎಂಥಾ ವಾಸನಿ ಅಂತೀರಿ?" ಅಧಿಕಾರಿ ಕೇಳಿದರು.

"ಜ್ವಾಳದ ನುಚ್ಚು ಬೇಯೂ ವಾಸನಿ. ನನಗ ಸೇರ್ತದ."

ತಾಜಬಿಯವರ ಕಿಟಕಿಯ ಪರದೆ ಅಲುಗಾಡಿದ್ದು ಕಂಡಿತು. ನಾನು ಆ ಕಡೆ ನೋಡಲಿಲ್ಲ.

"ನಿಮಗ ಹೆಂಗ ಗೊತ್ರಿ ಮೇಡಮ್ಮಾರ, ಒಳಗ ಏನ ಬೇಯಾಕತ್ತೈತಿ ಅಂತ?" ಕಾಕಾ ನಗುತ್ತಲೇ ಕೇಳಿದರು. "ಒಳಗ ಹೋಗಿದ್ರೇನು?"

"ಹೋಗಿದ್ದೆ. ನಾಕೂ ಬಿಯರ್ ಕುಡದ ನೋಡೇನಿ. ಕರೇದು ಛಲೋ ಅದ. ನೀವು ರವಿವಾರ ನಮ್ಮ ಮಾಳಗಿ ಮ್ಯಾಲ ಕುಡಿಯೂದಕ್ಕಿಂತ ಎಷ್ಟೋ ಛಲೋ ಅದ, ಕಾಕಾರ."

ಯಾರೋ ಹೆಂಗಸು ಫಕ್ಕನೆ ನಕ್ಕು ಬಾಯಿಗೆ ಸೆರಗು ಒತ್ತಿಕೊಂಡಳು. ಹನಮೇಶ ನೆಲ ನೋಡುತ್ತಿದ್ದ. ಕಾಕಾರ ಕಿವಿ ಕೆಂಪಾದವು.

ಆದರೆ ಅಧಿಕಾರಿ ಹೇಳಿದ್ದು ಇಷ್ಟು: "ನಿಮ್ಮ ಒಂದ ಸಹಿ ವಾಪಸ್ ಆತ್ರಿ ಅಮ್ಮಾ. ಇನ್ನ ಮೂವತ್ತೊಂದು ಅದಾವಲ್ಲ, ಅವರೂ ವಾಪಸ್ ತಗೋತಾರೇನು?"

ನಾನು ತಿರುಗಿ ಅವರನ್ನು ಕೇಳಿದೆ. ಓದಿ ಸಹಿ ಮಾಡಿದ್ದೀರಾ, ಅದರಲ್ಲಿ ಏನಿದೆ ಎಂದು ಗೊತ್ತಿತ್ತಾ ಎಂದೆ. ಮೂರನೇ ಮನೆಯ ಲಕ್ಷ್ಮೀ ಅಷ್ಟೇ, "ನೀವ ಬರದೀರಲ್ಲ ಅಂತ ಮಾಡಿದ್ವಿ ಅಕ್ಕಾರ," ಎಂದಳು. ಆದರೂ ತನ್ನ ಸಹಿ ವಾಪಸ್ ಪಡೆಯಲು ಮುಂದೆ ಬರಲಿಲ್ಲ. ಅವಳ ಗಂಡ ಅಲ್ಲೇ ನಿಂತಿದ್ದ.

ಮನೆಗೆ ಬಂದ ಮೇಲೆ ಹನಮೇಶ, "ನನ್ನ ಮಾನ ಕಳದಿ," ಎಂದ. ಎಲ್ಲಿ ಇಟ್ಟಿದ್ರಿ ಅದನ್ನ, ಸ್ಟೀಲ್ ಲೋಟದಾಗ? ಎಂದು ಕೇಳಿದೆ. ಈ ಸಲ ಬಾಯಿಬಿಟ್ಟೇ ಕೇಳಿದೆ.

ಜೂನ್ ೩೦, ಸೋಮವಾರ

ಲೈಸೆನ್ಸು ಬರಲಿಲ್ಲ. ಮೂವತ್ತೊಂದು ಸಹಿಯ ವಿಚಾರಣೆ ಮುಗಿಯಬೇಕಂತೆ.

ಜುಲೈ ೨, ಬುಧವಾರ

ಇವತ್ತು ಅಧಿಕಾರಿಗಳ ಎದುರು ಟ್ಯಾಂಕು ಖಾಲಿ ಮಾಡಿಸಿದರು. ಸುದ್ದಿ ತಿಳಿದು ಆಸ್ಪತ್ರೆಯಿಂದ ನೇರ ಅಲ್ಲಿಗೇ ಹೋದೆ.

ಹಿಂದಿನ ಗಲ್ಲಿಯ ಗಟಾರಕ್ಕೆ ದಪ್ಪನೆಯ ಪೈಪು ಬಿಟ್ಟಿದ್ದರು. ಮೊದಲು ಹಳದಿ, ಆಮೇಲೆ ಕಪ್ಪು. ಕಪ್ಪು ಹರಿಯುವಾಗ ನೋಡಲಾಗಲಿಲ್ಲ. ಕೊನೆಗೆ ಟ್ಯಾಂಕಿನ ತಳದ ಮಡ್ಡಿ, ಬೂದು ಬಣ್ಣದ ಲೋಳೆ. ಗಟಾರದಲ್ಲಿ ಪ್ಲಾಸ್ಟಿಕ್ ಕಟ್ಟಿಕೊಂಡಿತ್ತು, ಹಾಗಾಗಿ ಎಲ್ಲವೂ ಅಲ್ಲೇ ನಿಂತು, ಉಕ್ಕಿ, ಗಲ್ಲಿಗೆ ಬಂತು. ಎರಡು ದಿನದಿಂದ ಬಿಸಿಲು ಬೇರೆ. ತಾಸಿನೊಳಗೆ ಹುಳಿತ ನಾತ ಎದ್ದಿತು. ಜನ ಕಿಟಕಿ ಮುಚ್ಚಿಕೊಂಡರು. ತಾಜಬಿಯವರೂ ಮುಚ್ಚಿಕೊಂಡರು.

ಸೃಷ್ಟಿ ಕಸಬರಿಗೆಯಿಂದ ಒಬ್ಬಳೇ ತಳ್ಳುತ್ತಿದ್ದಳು. ಅವಳ ಹತ್ತಿರ ಹೋಗಿ, ಹೊಸ ಅರ್ಜಿ ಹಾಕಿರಿ, ನಾನು ಬರೆದುಕೊಡುತ್ತೇನೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಎಂದೆ.

ತಲೆ ಎತ್ತಿ ನೋಡಿದಳು. ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅರ್ಜಿ ನಾನ ಬರ್ಕೋತೇನ್ರಿ. ನೀವು ಈ ನೀರಿನ ಪೈಪ್ ಹಿಡೀರಿ."

ಹಿಡಿದೆ. ಅವಳು ತಳ್ಳಿದಳು, ನಾನು ನೀರು ಬಿಟ್ಟೆ. ಸೀರೆ ಮೊಣಕಾಲಿನವರೆಗೆ ಒದ್ದೆಯಾಯಿತು. ಮಡ್ಡಿ ಸಿಡಿದು ತೋಳಿಗೆ ಬಿತ್ತು. ಕಾಕಾ ಮೂಗಿಗೆ ಟವೆಲು ಹಿಡಿದುಕೊಂಡು ಮೂಲೆಯವರೆಗೆ ಬಂದರು.

"ಈಗರೇ ವಾಸನಿ ಬಂತೋ ಇಲ್ಲೋ ಮೇಡಮ್ಮಾರ? ಬರೀರಿ ಈಗ!"

"ಬಂತ್ರಿ. ನಾವ ಬರಸೇವಿ," ಎಂದೆ. ಪೈಪಿನ ಬಾಯಿ ಆ ಕಡೆ ತಿರುಗಿತು. ಬೇಕೆಂದು ತಿರುಗಿಸಿದೆನೋ ಇಲ್ಲವೋ, ಅವರು ಮಾತ್ರ ಹಾರಿ ಹಿಂದೆ ಸರಿದರು. ಸೃಷ್ಟಿ ನಗಲಿಲ್ಲ. "ಇಲ್ಲಿ ಬಿಡ್ರಿ ನೀರು, ಇಲ್ಲಿ," ಎಂದಳು.

ಮುಗಿಯುವಾಗ ಆರು ಗಂಟೆ. ಗಲ್ಲಿಯಿಂದ ಬರದೆ ಕಾಲೋನಿಯ ಮುಂದಿನ ರಸ್ತೆಯಲ್ಲೇ ನಡೆದು ಬಂದೆ. ಲಕ್ಷ್ಮೀ ಬಾಗಿಲಲ್ಲಿ ನಿಂತು ನೋಡಿದಳು.

ಹನಮೇಶ ಪಡಸಾಲೆಯಲ್ಲಿ ಟಿವಿ ಮುಂದೆ ಕೂತಿದ್ದ. ನಾನು ಸೀರೆ ಬದಲಿಸದೆ ಅವನ ಎದುರಿನ ಕುರ್ಚಿಯಲ್ಲಿ ಕೂತು ಈ ಪುಸ್ತಕ ತೆಗೆದೆ.

"ಏನ್ ನಾತ ಇದು! ಕುಡದ ಬಂದಿ ಏನು?"

"ಕುಡದಿಲ್ರಿ. ಚೆಲ್ಲಿ ಬಂದೇನಿ."

ಅವನು ಎದ್ದು ಕಿಟಕಿ ತೆರೆಯಲು ಹೋದ. ಬೇಡ ಎಂದೆ. ಹೊರಗೂ ಇದೇ ಇದೆ.